ಡ್ರಿಲ್ ಬಿಟ್ ಸಿಕ್ಕಿಕೊಂಡಾಗ ಆ ಶಕ್ತಿ ಎಲ್ಲಿಗೆ ಹೋಗುತ್ತದೆ?

ಡ್ರಿಲ್ ಮೆಷಿನ್ ಕೊಳ್ಳಲು ಹೋದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ವ್ಯಾಟ್? ಮೈಸೂರಿನ ಸಂತೇಪೇಟೆಯಾಗಲಿ, ಮಂಡ್ಯದ ಪೇಟೆ ಬೀದಿಯಾಗಲಿ, ಅಂಗಡಿಯವರು ಹೇಳುವುದೂ ಅದನ್ನೇ. "600 ವ್ಯಾಟ್ ಇದೆ ಸಾರ್, ಗೋಡೆ ಬಿಡಿ, ಬಂಡೆನೇ ತೂತಾಗುತ್ತೆ." ಸರಿ. ಆದರೆ ತಿರುಗುತ್ತಿದ್ದ ಬಿಟ್ (ತೂತು ಕೊರೆಯುವ ಕಡ್ಡಿ) ಗೋಡೆಯೊಳಗೆ ಇದ್ದಕ್ಕಿದ್ದ ಹಾಗೆ ಸಿಕ್ಕಿಕೊಂಡು ನಿಂತರೆ ಆ 600 ವ್ಯಾಟ್ ಎಲ್ಲಿಗೆ ಹೋಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಇದನ್ನೇ ಅಂತ ನನ್ನ ಅನಿಸಿಕೆ. ಮಣಿಕಟ್ಟು ಉಳುಕುವುದು, ಸ್ಟೂಲ್ ಮೇಲಿಂದ ಬೀಳುವುದು, ಕಬ್ಬಿಣ ಕತ್ತರಿಸುವ ಗ್ರೈಂಡರ್ ಎಗರಿ ಮುಖದ ಕಡೆ ಬರುವುದು, ವರ್ಷವೂ ತುಂಬದ ಮೆಷಿನ್ ಒಳಗಿನ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಸುಟ್ಟು ಹೊಗೆ ಬರುವುದು, ಇವೆಲ್ಲ ಬೇರೆ ಬೇರೆ ಅವಘಡಗಳ ಹಾಗೆ ಕಾಣುತ್ತವೆ, ಆದರೆ ಬಹಳಷ್ಟು ಸಲ ನಡೆದಿರುವುದು ಒಂದೇ ಸಂಗತಿ. ತಿರುಗಬೇಕಾದ್ದು ಸಿಕ್ಕಿಕೊಂಡಿದೆ, ಮೋಟಾರ್ ಮಾತ್ರ ತಿರುಗಿಸುವ ಪ್ರಯತ್ನ ಬಿಟ್ಟಿಲ್ಲ.

ಕೈಗೆ ಬರುವ ಏಟು

ಡ್ರಿಲ್ ಒಳಗಿನ ಮೋಟಾರ್ ನಿಮಿಷಕ್ಕೆ 20 ಸಾವಿರ ಸುತ್ತಿಗೂ ಜಾಸ್ತಿ ತಿರುಗುತ್ತಿರುತ್ತದೆ. ಅದರ ಮುಂದಿರುವ ಗಿಯರ್ ಆ ವೇಗವನ್ನು ಇಳಿಸುತ್ತದೆ, ಹಾಗಾಗಿ ಬಿಟ್ ತಿರುಗುವುದು ನಿಮಿಷಕ್ಕೆ 2,800, 3,000 ಸುತ್ತು, ಡಬ್ಬದ ಮೇಲೆ ಬರೆದಿರುವುದು ಇದೇ ಲೆಕ್ಕ. ವೇಗ ಇಳಿದಷ್ಟೂ ತಿರುಚುವ ಬಲ ಏರುತ್ತದೆ. ಬಿಟ್ ಸಲೀಸಾಗಿ ಕೊರೆಯುತ್ತಿರುವಾಗ ಆ ಬಲವೆಲ್ಲ ಗೋಡೆಯ ಮೇಲೆ ಖರ್ಚಾಗುತ್ತದೆ, ನಿಮ್ಮ ಕೈಗೆ ಗೊತ್ತೇ ಆಗುವುದಿಲ್ಲ. ಬಿಟ್ ನಿಂತ ಕ್ಷಣ ಕಥೆ ಉಲ್ಟಾ. ಬಿಟ್ ತಿರುಗಲು ಆಗದಿದ್ದರೆ ಮೆಷಿನ್ನೇ ಬಿಟ್‌ನ ಸುತ್ತ ತಿರುಗುತ್ತದೆ, ಮೆಷಿನ್ ಹಿಡಿದಿರುವುದು ನಿಮ್ಮ ಕೈ.

ಯಾವ ಕಡೆಗೆ ತಿರುಗುತ್ತದೆ ಅನ್ನುವುದನ್ನೂ ತಿಳಿದುಕೊಂಡಿರಿ, ಉಪಯೋಗಕ್ಕೆ ಬರುತ್ತದೆ. ಹಿಂದೆ ನಿಂತು ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ಅದು ಸಿಕ್ಕಿಕೊಂಡಾಗ ಮೆಷಿನ್ ಅದರ ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಅಂದರೆ ಕೆಳಗಡೆ ಇರುವ ಹಿಡಿ ನಿಮ್ಮ ಬಲಗಡೆಗೆ ಎದ್ದು ಬರುತ್ತದೆ, ಮಣಿಕಟ್ಟನ್ನೂ ಜೊತೆಗೆ ಎಳೆದುಕೊಂಡು. ಅದಕ್ಕೇ ಬಲಗಡೆ ಗೋಡೆಯ ಮೂಲೆ, ಬಾಗಿಲ ಚೌಕಟ್ಟು ಹತ್ತಿರ ಇದ್ದರೆ ಬೆರಳಿನ ಗೆಣ್ಣು ಅಲ್ಲಿ ಜಜ್ಜಿಹೋಗುತ್ತದೆ.

ಡಬ್ಬದಲ್ಲಿ ಒಂದು ಉದ್ದನೆಯ ಪಕ್ಕದ ಹಿಡಿ ಕೊಟ್ಟಿರುತ್ತಾರಲ್ಲ, ಮುಕ್ಕಾಲು ಪಾಲು ಮನೆಗಳಲ್ಲಿ ಡಬ್ಬದಿಂದ ಆಚೆಗೇ ಬಂದಿರದ ಆ ಹಿಡಿ, ಅದು ಇರುವುದು ಇದಕ್ಕಾಗಿಯೇ. ಒಂದು ಸಣ್ಣ ಲೆಕ್ಕ ಹಾಕೋಣ. ಸಿಕ್ಕಿಕೊಂಡಾಗ ತಿರುಚುವ ಬಲ 20 ನ್ಯೂಟನ್ ಮೀಟರ್ ಅಂದುಕೊಳ್ಳಿ. ನಿಮ್ಮ ಬಲಗೈ ಬಿಟ್‌ನ ಮಧ್ಯಗೆರೆಯಿಂದ 10 ಸೆಂಟಿಮೀಟರ್ ಕೆಳಗಿದ್ದರೆ ಅದರ ಮೇಲೆ ಸುಮಾರು 20 ಕೆ.ಜಿ. ತೂಕದಷ್ಟು ತಳ್ಳು ಬೀಳುತ್ತದೆ, ಅದೂ ಯಾವ ಮುನ್ಸೂಚನೆಯೂ ಇಲ್ಲದೆ. ಎಡಗೈಯಲ್ಲಿ 20 ಸೆಂಟಿಮೀಟರ್ ದೂರದ ಪಕ್ಕದ ಹಿಡಿಯನ್ನು ಗಟ್ಟಿಯಾಗಿ ಹಿಡಿದಿದ್ದರೆ ಅದೇ ತಿರುಚನ್ನು ತಡೆಯಲು 10 ಕೆ.ಜಿ. ಬಲ ಸಾಕು. ಎರಡು ಕೈಯೂ ಹಂಚಿಕೊಂಡರೆ ಇನ್ನೂ ಹಗುರ. ಪಕ್ಕದ ಹಿಡಿ ಎಡಕ್ಕೆ ಚಾಚಿಕೊಂಡಿದ್ದರೆ ಅದು ಕೆಳಗಡೆಗೆ ಒತ್ತುತ್ತದೆ, ನೀವು ಮೇಲಕ್ಕೆ ತಡೆಹಿಡಿಯಬೇಕು. ಕಾಲು ಸ್ವಲ್ಪ ಅಗಲಿಸಿ ನಿಂತುಕೊಳ್ಳಿ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ತುದಿಗಾಲಲ್ಲಿ ನಿಂತು, ಒಂದು ಕೈಲಿ ಕರ್ಟನ್ ರಾಡ್ ಹಿಡಿದು ಇನ್ನೊಂದು ಕೈಲಿ ಡ್ರಿಲ್ ಮಾಡುವವರನ್ನು ನೋಡಿದರೆ ನನಗೆ ಎದೆ ಡವಗುಟ್ಟುತ್ತದೆ.

ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ? ಆರ್‌ಸಿಸಿ ಬೀಮ್‌ನಲ್ಲಿ ಕಂಬಿ ಎದುರಾದಾಗ. ತೂತಿನಲ್ಲಿ ಧೂಳು ಗಟ್ಟಿಯಾಗಿ ತುಂಬಿಕೊಂಡಾಗ. ಕೊರೆಯುವಾಗ ಮೆಷಿನ್ ಓರೆ ಮಾಡಿದಾಗ. ಎಲ್ಲಕ್ಕಿಂತ ಮೋಸದ್ದು ಕಬ್ಬಿಣದ ತಗಡು, ಪಟ್ಟಿ: ಕೊನೆಯ ಅರ್ಧ ಮಿಲಿಮೀಟರ್ ಉಳಿದಿದ್ದು ಬಿಟ್ ಆಚೆ ಬದಿಗೆ ತೂರುವಾಗ ಅದರ ಅಂಚು ತೂತಿನ ಬಾಯಿಗೆ ಕಚ್ಚಿಕೊಳ್ಳುತ್ತದೆ. ಆ ತಗಡನ್ನು ನೀವು ಕೈಯಲ್ಲೋ ಕಾಲಲ್ಲೋ ಅದುಮಿ ಹಿಡಿದಿದ್ದರೆ ತಗಡೇ ಗರಗರ ತಿರುಗಿ ಬೆರಳಿಗೆ ಬರುತ್ತದೆ. ಆದ್ದರಿಂದ ತಗಡಿಗೆ ಕ್ಲ್ಯಾಂಪ್ ಹಾಕಿ, ಕೆಳಗೆ ಒಂದು ಮರದ ತುಂಡು ಇಡಿ, ತೂತು ಬೀಳುವ ಹೊತ್ತಿಗೆ ಒತ್ತುವುದನ್ನು ಕಡಿಮೆ ಮಾಡಿ.

ಧೂಳಿನದಕ್ಕೆ ಪರಿಹಾರ ಸುಲಭ. ಎರಡು ಸೆಂಟಿಮೀಟರ್ ಕೊರೆದಾಗಲೆಲ್ಲ ಬಿಟ್ ತಿರುಗುತ್ತಿರುವಂತೆಯೇ ಒಮ್ಮೆ ಹೊರಗೆಳೆದು ಮತ್ತೆ ಒಳಗೆ ಬಿಡಿ. ಬಿಟ್‌ನ ಮೇಲಿರುವ ಸುರುಳಿ ತೋಡು ಧೂಳನ್ನು ಆಚೆ ತರುತ್ತದೆ. ಕಂಬಿ ಸಿಕ್ಕರೆ ಹಠ ಮಾಡಬೇಡಿ, ಎರಡು ಇಂಚು ಪಕ್ಕಕ್ಕೆ ಸರಿಯಿರಿ. ಬೀಮ್ ಕಂಬಿಯನ್ನು ಕತ್ತರಿಸಿ ಗಡಿಯಾರ ನೇತುಹಾಕುವ ಅಗತ್ಯ ಯಾವ ಮನೆಗೂ ಇಲ್ಲ.

ಸಿಕ್ಕಿಕೊಂಡೇಬಿಟ್ಟರೆ? ಮೊದಲು ಟ್ರಿಗರ್ ಬಿಡಿ. ಎಳೆದಾಡುತ್ತಾ ಟ್ರಿಗರ್ ಒತ್ತಿ ಒತ್ತಿ ಬಿಡಬೇಡಿ. ಮೆಷಿನ್ ಪೂರ್ತಿ ನಿಂತ ಮೇಲೆ ರಿವರ್ಸ್ ಗುಂಡಿ ಹಾಕಿ ನಿಧಾನವಾಗಿ ಬಿಚ್ಚಿ. ಬರದಿದ್ದರೆ ಪ್ಲಗ್ ಕಿತ್ತು, ಬಿಟ್ ಕಚ್ಚಿ ಹಿಡಿಯುವ ಚಕ್ ಸಡಿಲ ಮಾಡಿ ಮೆಷಿನ್ ತೆಗೆದಿಟ್ಟು, ಬಿಟ್‌ಗೆ ಸ್ಪ್ಯಾನರ್ ಹಾಕಿ ತಿರುಗಿಸಿ.

ಮೋಟಾರ್‌ಗೆ ಬರುವ ಏಟು

ಇದೇ ಹೊತ್ತಿಗೆ ಮೆಷಿನ್ ಒಳಗೂ ಒಂದು ಅನಾಹುತ ನಡೆಯುತ್ತಿರುತ್ತದೆ. ತಿರುಗುವ ಮೋಟಾರ್ ತನ್ನೊಳಗೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿಕೊಳ್ಳುತ್ತದೆ, ಕರೆಂಟ್ ವಿಪರೀತ ಹರಿಯದಂತೆ ತಡೆಯುವುದು ಅದೇ. ತಿರುಗುವುದು ನಿಂತರೆ ಆ ತಡೆಯೂ ಇಲ್ಲ. ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ನುಗ್ಗುತ್ತದೆ. ಇನ್ನೊಂದು ಕಡೆ, ಮೋಟಾರನ್ನು ತಣ್ಣಗಿಡುವ ಫ್ಯಾನ್ ಇರುವುದೂ ಅದೇ ಶಾಫ್ಟ್ ಮೇಲೆ, ಅದೂ ನಿಂತಿರುತ್ತದೆ. ಬಿಸಿ ಏರುತ್ತಿದೆ, ಗಾಳಿ ಇಲ್ಲ. ಕೆಲವೇ ಸೆಕೆಂಡಿನಲ್ಲಿ ತಾಮ್ರದ ತಂತಿಯ ಮೇಲಿನ ಲೇಪ ಕರಗಿ ತಂತಿಗೆ ತಂತಿ ತಾಗುತ್ತದೆ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದವರು ಮರೆಯುವುದಿಲ್ಲ.

ಪೂರ್ತಿ ನಿಲ್ಲಲೇಬೇಕೆಂದೇನೂ ಇಲ್ಲ. ತುಂಬ ನಿಧಾನವಾಗಿ, ತುಂಬ ಭಾರ ಹಾಕಿ ಓಡಿಸಿದರೂ ಇದೇ ಪಾಡು, ಯಾಕೆಂದರೆ ಫ್ಯಾನ್ ಕೂಡ ನಿಧಾನ. ಹಾಗಾಗಿ ದಪ್ಪ ಬಿಟ್ ಹಾಕಿ ಮೆಲ್ಲಗೆ ಕೊರೆದ ಮೇಲೆ ಮೆಷಿನ್ ಬಾಡಿ ಕೈಗೆ ಬಿಸಿ ಹತ್ತಿದರೆ ತಕ್ಷಣ ಆಫ್ ಮಾಡಿ ಮೂಲೆಗಿಡಬೇಡಿ. ಗೋಡೆಯಿಂದ ತೆಗೆದು ಖಾಲಿಯಾಗಿ, ಪೂರ್ತಿ ವೇಗದಲ್ಲಿ ಒಂದೆರಡು ನಿಮಿಷ ಓಡಿಸಿ. ಒಳಗಿನ ಬಿಸಿ ಗಾಳಿ ಆಚೆ ಹೋಗುತ್ತದೆ. ಸುಮ್ನೆ ಕರೆಂಟ್ ದಂಡ ಅಂತ ಅನ್ನಿಸಬಹುದು, ಆದರೆ ಆರ್ಮೇಚರ್ ಬದಲಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹಳ್ಳಿ ಕಡೆ ಇನ್ನೊಂದು ಸಮಸ್ಯೆ ಸೇರಿಕೊಳ್ಳುತ್ತದೆ. ಸಂಜೆ ವೋಲ್ಟೇಜ್ ಕುಗ್ಗಿದಾಗ ಮೋಟಾರ್‌ಗೆ ತಿರುಗಿಸುವ ಬಲವೇ ಸಾಲುವುದಿಲ್ಲ, ಬೇಗ ಸಿಕ್ಕಿಕೊಳ್ಳುತ್ತದೆ. ಅದರ ಮೇಲೆ ತೆಳ್ಳನೆಯ ವೈರ್ ಹಾಕಿದ ಉದ್ದದ ಎಕ್ಸ್‌ಟೆನ್ಷನ್ ಬೇರೆ. ವೈರ್ ತೆಳ್ಳಗಾದಷ್ಟೂ, ಉದ್ದವಾದಷ್ಟೂ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ಡ್ರಿಲ್‌ಗೆ 1.5 ಚದರ ಮಿ.ಮೀ., ದೊಡ್ಡ ಮೆಷಿನ್‌ಗೆ 2.5 ಚದರ ಮಿ.ಮೀ. ತಾಮ್ರದ ವೈರ್ ಇರುವ ಎಕ್ಸ್‌ಟೆನ್ಷನ್ ಇಟ್ಟುಕೊಳ್ಳಿ. ಸುರುಳಿ ಸುತ್ತಿರುವ ವೈರನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುತ್ತಿದಲ್ಲೇ ಬಿಸಿಯಾಗಿ ಪ್ಲಾಸ್ಟಿಕ್ ಮೆತ್ತಗಾಗುವುದುಂಟು.

ಗೋಡೆ ಯಾವುದು, ಮೆಷಿನ್ ಯಾವುದು

ಡ್ರಿಲ್ ಮೇಲೆ ಸುತ್ತಿಗೆಯ ಗುರುತಿರುವ ಗುಂಡಿ ಇದೆ ಅಂದ ಮಾತ್ರಕ್ಕೆ ಎಲ್ಲ ಗೋಡೆಗೂ ಅದನ್ನೇ ಹಾಕಬೇಕಿಲ್ಲ. ಚಾಮರಾಜಪುರಂ, ಅಗ್ರಹಾರದ ಕಡೆಯ ಹಳೇ ಮನೆಗಳಲ್ಲಿ ಸುಣ್ಣದ ಗಾರೆಯ ದಪ್ಪ ಇಟ್ಟಿಗೆ ಗೋಡೆ ಇರುತ್ತದೆ, ಮಂಡ್ಯದ ಹಳ್ಳಿಗಳಲ್ಲಿ ಇನ್ನೂ ಮಣ್ಣಿನ ಗೋಡೆಗಳಿವೆ. ಅಲ್ಲಿ ಹ್ಯಾಮರ್ ಹಾಕಿದರೆ ಗಾರೆ ಹಕ್ಕಳೆ ಎದ್ದು, 8 ಮಿ.ಮೀ. ತೂತು 12 ಆಗಿ, ಪ್ಲಾಸ್ಟಿಕ್ ಪ್ಲಗ್ ಲೊಡಲೊಡ ಅನ್ನುತ್ತದೆ. ಹ್ಯಾಮರ್ ಆಫ್ ಮಾಡಿ ಮೆಲ್ಲಗೆ ಕೊರೆದರೆ ಸಾಕು. ಬೋಗಾದಿ, ವಿಜಯನಗರ ಕಡೆಯ ಹೊಸ ಮನೆಗಳ ಸಿಮೆಂಟ್ ಬ್ಲಾಕ್ ಗೋಡೆಗೆ ಹ್ಯಾಮರ್ ಬೇಕು, ಅಲ್ಲೂ ಟೈಲ್ಸ್ ಇದ್ದರೆ ಟೈಲ್ಸ್ ದಾಟುವವರೆಗೆ ಹ್ಯಾಮರ್ ಬೇಡ. ಟೈಲ್ಸ್ ಮೇಲೆ ಬಿಟ್ ಜಾರದಂತೆ ಪೇಪರ್ ಟೇಪ್ ಅಂಟಿಸಿ ಗುರುತು ಹಾಕಿ. ಮರ, ಕಬ್ಬಿಣಕ್ಕೆ ಹ್ಯಾಮರ್ ಯಾವತ್ತೂ ಬೇಡ.

ಆರ್‌ಸಿಸಿ ಬೀಮ್, ಸೀಲಿಂಗ್ ವಿಷಯ ಬೇರೆ. ಮನೆಯಲ್ಲಿರುವ ಸಾಮಾನ್ಯ ಇಂಪ್ಯಾಕ್ಟ್ ಡ್ರಿಲ್ ಒಳಗೆ ಹಲ್ಲುಗಳಿರುವ ಎರಡು ಚಕ್ರ ಒಂದರ ಮೇಲೊಂದು ಜಾರಿ ಟಕಟಕ ಅಂತ ಸಣ್ಣ ಪೆಟ್ಟು ಕೊಡುತ್ತವೆ. ನೀವು ಒತ್ತಿದರೆ ಮಾತ್ರ ಆ ಹಲ್ಲುಗಳು ಕೂಡುವುದು, ಆದ್ದರಿಂದ ಜಾಸ್ತಿ ಒತ್ತಿದಷ್ಟೂ ಪೆಟ್ಟು ಜಾಸ್ತಿ. ಚಕ್ ಬಿಗಿಯದೆ ತಳ್ಳಿ ಸಿಕ್ಕಿಸುವ ಎಸ್‌ಡಿಎಸ್ ಬಿಟ್ ಹಾಕುವ ರೋಟರಿ ಹ್ಯಾಮರ್ ಹಾಗಲ್ಲ. ಅದರೊಳಗೆ ಒಂದು ಪಿಸ್ಟನ್ ಗಾಳಿಯನ್ನು ಅದುಮಿ ಒಂದು ಗುಂಡನ್ನು ಎಸೆಯುತ್ತದೆ, ಅದು ಬಿಟ್‌ನ ಹಿಂಭಾಗಕ್ಕೆ ಬಡಿಯುತ್ತದೆ. ಪೆಟ್ಟು ಕಡಿಮೆ ಸಲ, ಆದರೆ ಒಂದೊಂದು ಪೆಟ್ಟೂ ಬಲವಾದದ್ದು. ಇದನ್ನು ಮೈಭಾರ ಹಾಕಿ ಒತ್ತಿದರೆ ಕೆಲಸ ಬೇಗ ಆಗುವುದಿಲ್ಲ, ಇನ್ನೂ ನಿಧಾನವಾಗುತ್ತದೆ. ಮೆಷಿನ್ ಅತ್ತಿತ್ತ ಆಡದಷ್ಟು ಹಿಡಿದರೆ ಸಾಕು. ಮನೆ ಡ್ರಿಲ್‌ನಲ್ಲಿ ಪಳಗಿದ ಕೈ ರೋಟರಿ ಹ್ಯಾಮರ್ ಸಿಕ್ಕಾಗಲೂ ಅಭ್ಯಾಸಬಲದಿಂದ ಒತ್ತುತ್ತದೆ, ಬಿಟ್ ಮುರಿಯುವುದು ಆಗಲೇ. ಒಳ್ಳೆಯ ರೋಟರಿ ಹ್ಯಾಮರ್‌ಗಳಲ್ಲಿ ಇನ್ನೊಂದು ಅನುಕೂಲ ಇದೆ. ಬಿಟ್ ಸಿಕ್ಕಿಕೊಂಡರೆ ಒಳಗಿನ ಕ್ಲಚ್ ಕಟಕಟ ಸದ್ದು ಮಾಡಿ ಜಾರುತ್ತದೆ, ಮಣಿಕಟ್ಟು ಬಚಾವ್. ಬೀಮ್‌ಗೆ ನಾಲ್ಕಾರು ತೂತು ಹಾಕಬೇಕಿದ್ದರೆ ಇಂಪ್ಯಾಕ್ಟ್ ಡ್ರಿಲ್ ಜೊತೆ ಗುದ್ದಾಡುವ ಬದಲು ಒಂದು ದಿನಕ್ಕೆ ರೋಟರಿ ಹ್ಯಾಮರ್ ಬಾಡಿಗೆಗೆ ತನ್ನಿ.

ಕಬ್ಬಿಣಕ್ಕೆ ವೇಗದ ಲೆಕ್ಕ ಗೊತ್ತಿರಲಿ. ಸಾಮಾನ್ಯ ಹೈಸ್ಪೀಡ್ ಸ್ಟೀಲ್ ಬಿಟ್‌ಗೆ 3 ಮಿ.ಮೀ. ಆದರೆ ಸುಮಾರು 2,600 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು), 6 ಮಿ.ಮೀ. ಆದರೆ 1,300, 10 ಮಿ.ಮೀ.ಗೆ 800. ಬಿಟ್ ದಪ್ಪವಾದಷ್ಟೂ ವೇಗ ಇಳಿಯಬೇಕು. ಎರಡು ಹನಿ ಎಣ್ಣೆ ಬಿಡಿ. ಕಿರ್ರೆಂದು ಕೂಗುತ್ತಿದ್ದರೆ, ಚೂರು ನೀಲಿಯಾಗಿ ಬರುತ್ತಿದ್ದರೆ ವೇಗ ಜಾಸ್ತಿಯಾಗಿದೆ ಅಥವಾ ಬಿಟ್ ಮೊಂಡಾಗಿದೆ. ಮೊಂಡು ಬಿಟ್ ಹಾಕಿದವನು ಜಾಸ್ತಿ ಒತ್ತುತ್ತಾನೆ, ಜಾಸ್ತಿ ಒತ್ತಿದರೆ ಸಿಕ್ಕಿಕೊಳ್ಳುತ್ತದೆ. ಗೋಡೆ ಬಿಟ್‌ನ ತುದಿಯಲ್ಲಿ ಬೆಸೆದಿರುವ ಟಂಗ್‌ಸ್ಟನ್ ಕಾರ್ಬೈಡ್ ತುಂಡು ಕೆಂಪಾಗುವಷ್ಟು ಕಾದಾಗ ನೀರಿಗೆ ಅದ್ದುವವರಿದ್ದಾರೆ, ಹಾಗೆ ಮಾಡಿದರೆ ಅದು ಸೀಳಿ ಹೋಗುತ್ತದೆ. ತಾನಾಗಿ ಆರಲಿ.

ತೂತು ಹಾಕುವ ಮೊದಲು ಗೋಡೆಯೊಳಗೆ ಏನಿದೆ ಅಂತ ಯೋಚಿಸಿ. ಸ್ವಿಚ್ ಬೋರ್ಡ್‌ನಿಂದ ವೈರ್ ಪೈಪು ಸಾಮಾನ್ಯವಾಗಿ ನೆಟ್ಟಗೆ ಮೇಲಕ್ಕೆ ಹೋಗಿರುತ್ತದೆ, ಕೆಲವೊಮ್ಮೆ ಕೆಳಕ್ಕೂ, ಪಕ್ಕದ ಬೋರ್ಡಿಗೂ. ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಎರಡು ಬೋರ್ಡುಗಳ ನಡುವೆ ಕೊರೆಯಬೇಡಿ. ಬಚ್ಚಲುಮನೆಯಲ್ಲಿ ಗೀಸರ್‌ನಿಂದ ನಲ್ಲಿಗೆ ಇಳಿಯುವ ದಾರಿಯೂ ಅಷ್ಟೇ. ಅನುಮಾನ ಇದ್ದರೆ ಆ ಕೋಣೆಯ ಎಂಸಿಬಿ (ಫ್ಯೂಸ್ ಬದಲಿಗೆ ಇರುವ ಸ್ವಿಚ್) ಇಳಿಸಿ, ಬೇರೆ ಲೈನಿನಿಂದ ಎಕ್ಸ್‌ಟೆನ್ಷನ್ ಎಳೆದು ಕೊರೆಯಿರಿ.

ಗ್ರೈಂಡರ್

ಡ್ರಿಲ್ ಸಿಕ್ಕಿಕೊಂಡರೆ ಕೈ ಉಳುಕುತ್ತದೆ, ಗ್ರೈಂಡರ್ ಸಿಕ್ಕಿಕೊಂಡರೆ ಆಸ್ಪತ್ರೆ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ಸುತ್ತುತ್ತದೆ. ಅಂದರೆ ಅದರ ವೀಲ್‌ನ ಅಂಚು ಗಂಟೆಗೆ 200 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ. ನಮ್ಮ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಕೊಟ್ಟಿರುವ ಮಿತಿಯೇ 100. ಆ ವೇಗದಲ್ಲಿ ವೀಲ್ ಒಡೆದರೆ ಚೂರುಗಳೂ ಅದೇ ವೇಗದಲ್ಲಿ ಹಾರುತ್ತವೆ, ಅದನ್ನು ತಡೆಯಲು ಇರುವುದು ಅರ್ಧ ಚಂದ್ರದ ಆ ಕಬ್ಬಿಣದ ಗಾರ್ಡ್ ಒಂದೇ. ಕೆಲಸದ ಜಾಗಗಳಲ್ಲಿ ನೋಡಿ, ಗಾರ್ಡ್ ಇರುವ ಗ್ರೈಂಡರ್ ಹುಡುಕಿದರೂ ಸಿಗುವುದಿಲ್ಲ. "ಅಡ್ಡ ಬರುತ್ತೆ ಅಣ್ಣ" ಅಂತ ಬಿಚ್ಚಿಟ್ಟಿರುತ್ತಾರೆ.

ಗಾರ್ಡ್ ಬಿಚ್ಚುವುದಕ್ಕೆ ನಿಜವಾದ ಕಾರಣ ಬೇರೆ ಇರುತ್ತದೆ. ಚಿಕ್ಕ ಮೆಷಿನ್‌ಗೆ ದೊಡ್ಡ ವೀಲ್ ಹಾಕುವ ಆಸೆ. ಪ್ರತಿ ವೀಲ್ ಮೇಲೂ ಅದು ತಡೆಯುವ ಗರಿಷ್ಠ ಆರ್‌ಪಿಎಂ ಬರೆದಿರುತ್ತದೆ. ಏಳು ಇಂಚಿನ ವೀಲ್‌ಗೆ ಅದು ಸುಮಾರು 8,500. ಅದನ್ನು 11,000 ತಿರುಗುವ ಮೆಷಿನ್‌ಗೆ ಹಾಕಿದರೆ ಒಡೆಯದಿದ್ದರೇ ಆಶ್ಚರ್ಯ. ವೀಲ್ ಮೇಲಿನ ಅಂಕಿ ಯಾವಾಗಲೂ ಮೆಷಿನ್ ಮೇಲಿನ ಅಂಕಿಗಿಂತ ಜಾಸ್ತಿ ಇರಬೇಕು. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ: ಕಟಿಂಗ್ ವೀಲ್‌ಗೂ ಎಕ್ಸ್‌ಪೈರಿ ಇದೆ. ಮಧ್ಯದ ತೂತಿನ ಸುತ್ತ ಇರುವ ಲೋಹದ ಬಳೆಯ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಅಂಟು ಹಾಕಿ ಮಾಡಿದ ವೀಲ್ ಅದು, ತೇವ ಕುಡಿದು ಕುಡಿದು ಒಳಗೇ ದುರ್ಬಲವಾಗಿರುತ್ತದೆ. ಮಳೆಗಾಲದಲ್ಲಿ ಬಚ್ಚಲ ಅಟ್ಟದ ಮೇಲೆ ಬಿದ್ದಿದ್ದ ವೀಲ್, ಒಮ್ಮೆ ಕೆಳಗೆ ಬಿದ್ದ ವೀಲ್, ಎರಡನ್ನೂ ಕಸಕ್ಕೆ ಹಾಕಿ. ಹೊಸ ವೀಲ್ ಹಾಕಿದ ಮೇಲೆ ಮುಖದಿಂದ ದೂರ ಹಿಡಿದು ಅರ್ಧ ನಿಮಿಷ ಖಾಲಿ ಓಡಿಸಿ, ಆಮೇಲೆ ಕೆಲಸಕ್ಕೆ ಹಚ್ಚಿ.

ಎಗರುವುದು ಯಾಕೆ ಅಂದರೆ, ಕತ್ತರಿಸುತ್ತಿರುವ ಪೈಪ್ ಅಥವಾ ಕಬ್ಬಿಣದ ಆಂಗಲ್ ಎರಡೂ ತುದಿಗೆ ಆಸರೆ ಇದ್ದು ಮಧ್ಯದಲ್ಲಿ ಕುಸಿದಾಗ, ಕತ್ತರಿಸಿದ ಸೀಳು ಬಾಯಿ ಮುಚ್ಚಿ ವೀಲನ್ನು ಕಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ವೀಲ್‌ನ ವೇಗವೆಲ್ಲ ಮೆಷಿನ್‌ಗೆ ಬಂದು ಅದು ನಿಮ್ಮ ಕಡೆ ಜಿಗಿಯುತ್ತದೆ. ಉಪಾಯ ಏನೆಂದರೆ ಒಂದೇ ಬದಿಗೆ ಆಸರೆ ಕೊಡಿ, ಕತ್ತರಿಸಿದ ತುಂಡು ತಾನಾಗಿ ಕೆಳಗೆ ಬೀಳಲಿ, ಸೀಳು ಅಗಲವಾಗುತ್ತದೆ. ವೀಲ್‌ನ ನೇರಕ್ಕೆ ಮುಖವಿಟ್ಟು ನಿಲ್ಲಬೇಡಿ, ಒಂದು ಪಕ್ಕಕ್ಕೆ ನಿಲ್ಲಿ.

ಇನ್ನು ಗ್ರೈಂಡರ್‌ಗೆ ಮರ ಕತ್ತರಿಸುವ ಹಲ್ಲಿನ ಬ್ಲೇಡ್ ಹಾಕುವುದು. ಇದರ ಬಗ್ಗೆ ನನಗೆ ಎರಡನೇ ಮಾತಿಲ್ಲ, ಹಾಕಲೇಬೇಡಿ. ಒಂದೊಂದು ಹಲ್ಲೂ ಮರದಲ್ಲಿ ಸಿಕ್ಕಿಕೊಳ್ಳುವ ಒಂದೊಂದು ಅವಕಾಶ, ಗ್ರೈಂಡರ್‌ಗೆ ಮರ ಕತ್ತರಿಸುವ ಗಾರ್ಡೂ ಇಲ್ಲ, ತಟ್ಟೆಯೂ ಇಲ್ಲ. ಮರಕ್ಕೆ ಮರದ ಸರ್ಕ್ಯುಲರ್ ಸಾ ಇದೆ, ಜಿಗ್ ಸಾ ಇದೆ, ಏನೂ ಇಲ್ಲದಿದ್ದರೆ ಬಡಗಿಯ ಕೈಗರಗಸ ಇದೆ.

ಕಿಡಿ ಹಲವು ಮೀಟರ್ ದೂರ ಹಾರುತ್ತದೆ. ಮನೆ ಮುಂದೆ ಗೇಟ್ ಕತ್ತರಿಸುವಾಗ ಪಕ್ಕದಲ್ಲಿ ಹುಲ್ಲಿನ ಮೆದೆ, ಒಣಗಿದ ಕಬ್ಬಿನ ಸೋಗೆ, ಪೆಟ್ರೋಲ್ ಇರುವ ಬೈಕು ಇದೆಯಾ ಅಂತ ನೋಡಿ, ಕಿಡಿ ಆಚೆಗೆ ಹೋಗುವ ಹಾಗೆ ತಿರುಗಿ ನಿಲ್ಲಿ. ಒಂದು ಬಕೆಟ್ ನೀರು ಹತ್ತಿರವಿರಲಿ.

ಕರೆಂಟ್

ಮನೆಯಲ್ಲಿ ಎಂಸಿಬಿ ಇದೆ, ಶಾಕ್ ಹೊಡೆದರೆ ಅದೇ ಬೀಳುತ್ತದೆ ಅಂತ ನಂಬಿರುವವರು ಬಹಳ. ಎಂಸಿಬಿ ಇರುವುದು ವೈರನ್ನು ಉಳಿಸಲು, ಮನುಷ್ಯನನ್ನಲ್ಲ. 6 ಆಂಪಿಯರ್‌ನ ಎಂಸಿಬಿ ಅಂದರೆ 6,000 ಮಿಲಿ ಆಂಪಿಯರ್, ಅದಕ್ಕಿಂತ ಜಾಸ್ತಿ ಹರಿದರೆ ಮಾತ್ರ ಎಂಸಿಬಿಗೆ ಎಚ್ಚರ. ಮೈಯೊಳಗೆ 10ರಿಂದ 20 ಮಿಲಿ ಆಂಪಿಯರ್ ಹರಿದರೇ ಸ್ನಾಯು ಬಿಗಿದು, ಹಿಡಿದ ಮೆಷಿನ್ ಬಿಡಲು ಆಗುವುದಿಲ್ಲ. ನಿಮ್ಮನ್ನು ಉಳಿಸುವುದು ಆರ್‌ಸಿಸಿಬಿ, ಅದೂ 30 ಮಿಲಿ ಆಂಪಿಯರ್‌ನದ್ದು. ಹೋದ ಕರೆಂಟ್ ಎಷ್ಟು, ವಾಪಸ್ ಬಂದದ್ದೆಷ್ಟು ಅಂತ ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ನಡುವೆ ಸೋರಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕತ್ತರಿಸುತ್ತದೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ. ಅದಕ್ಕೂ ಒಂದು ಮಿತಿ ಇದೆ: ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಅದಕ್ಕೆ ತಿಳಿಯುವುದಿಲ್ಲ.

ಡ್ರಿಲ್ ಮೇಲಿನ ಲೇಬಲ್ಲಿನಲ್ಲಿ ಚೌಕದೊಳಗೆ ಇನ್ನೊಂದು ಚೌಕ ಕಂಡರೆ ಅದು ಎರಡು ಪದರ ಇನ್ಸುಲೇಷನ್ ಇರುವ ಮೆಷಿನ್, ಎರಡು ಪಿನ್ ಸಾಕು. ಆ ಗುರುತು ಇಲ್ಲದೆ ಮೂರು ಪಿನ್ ಇದ್ದರೆ ಅರ್ತ್ ಬೇಕೇ ಬೇಕು. ದಪ್ಪ ಪಿನ್ನನ್ನು ಮುರಿದು ಎರಡು ಪಿನ್ ಸಾಕೆಟ್‌ಗೆ ತೂರಿಸುವುದು, ವೈರ್ ತುದಿಯನ್ನು ಬೆಂಕಿಕಡ್ಡಿ ಚುಚ್ಚಿ ನಿಲ್ಲಿಸುವುದು, ಇವೆಲ್ಲ ನಮ್ಮ ಊರುಗಳಲ್ಲಿ ಎಷ್ಟು ಮಾಮೂಲು ಅಂದರೆ ಯಾರೂ ತಲೆಯೇ ಕೆಡಿಸಿಕೊಳ್ಳುವುದಿಲ್ಲ.

ಕರೆಂಟ್ ಹೋಗುವ ಊರಿನವರು ಗಮನಿಸಬೇಕಾದ ಒಂದು ಗುಂಡಿ ಇದೆ. ಟ್ರಿಗರ್ ಪಕ್ಕದ ಲಾಕ್ ಬಟನ್. ಒತ್ತಿದರೆ ಟ್ರಿಗರ್ ಬಿಟ್ಟರೂ ಮೆಷಿನ್ ಓಡುತ್ತಲೇ ಇರುತ್ತದೆ. ಕೆಲಸದ ನಡುವೆ ಕರೆಂಟ್ ಹೋಯಿತು, ಲಾಕ್ ಹಾಗೇ ಇದೆ, ನೀವು ಮೆಷಿನ್ ನೆಲಕ್ಕಿಟ್ಟು ಟೀ ಕುಡಿಯಲು ಹೋದಿರಿ. ಕರೆಂಟ್ ಬಂದಾಗ ಅದು ತಾನೇ ಎದ್ದು ಕೂರುತ್ತದೆ, ಪಕ್ಕದಲ್ಲಿ ಮಗು ಇದ್ದರೂ ಇಲ್ಲದಿದ್ದರೂ. ಕರೆಂಟ್ ಹೋದ ತಕ್ಷಣ ಪ್ಲಗ್ ಕಿತ್ತುಬಿಡಿ. ಗೋಡೆ ಕೊರೆಯುವ ಕೆಲಸಕ್ಕೆ ಲಾಕ್ ಬಟನ್ ಬೇಕಾಗಿಯೂ ಇಲ್ಲ, ಬಿಟ್ ಸಿಕ್ಕಿಕೊಂಡಾಗ ಕೈ ಬಿಟ್ಟರೆ ನಿಲ್ಲಬೇಕಲ್ವಾ?

ಮೈ ಮೇಲೆ ಏನಿದೆ

ತಿರುಗುವುದಕ್ಕೆ ಸುತ್ತಿಕೊಳ್ಳುವ ಯಾವುದೂ ಮೈಮೇಲೆ ಇರಬಾರದು. ಹೆಗಲ ಟವೆಲ್, ಮಡಿಚಿ ಕಟ್ಟದ ಪಂಚೆ, ವೇಲ್, ಕೈಗೆ ಕಟ್ಟಿದ ದೇವಸ್ಥಾನದ ದಾರ, ಸಡಿಲ ಕಡಗ, ಇಳಿಬಿದ್ದ ಜಡೆ. ಡ್ರಿಲ್ ಹಿಡಿದಾಗ ಬಟ್ಟೆಯ ಕೈಗವಸೂ ಬೇಡ, ಅದರ ಒಂದು ನೂಲು ಸಿಕ್ಕಿದರೆ ಬೆರಳೂ ಜೊತೆಗೆ ಹೋಗುತ್ತದೆ. ಚಕ್ ಕೀ ತೆಗೆದ ಮೇಲೆಯೇ ಪ್ಲಗ್ ಹಾಕಿ, ಬಿಟ್ ಬದಲಿಸುವ ಮೊದಲು ಪ್ಲಗ್ ಕೀಳಿ. ಕನ್ನಡಕ ಹಾಕಿ, ನಂಬರಿನದ್ದಲ್ಲ, ಪಕ್ಕವೂ ಮುಚ್ಚುವ ಸೇಫ್ಟಿ ಗಾಗಲ್ಸ್.

ಕಿವಿಯದ್ದು ಬೇರೆ ಲೆಕ್ಕ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ 8 ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿದಾಗ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬಲ್‌ಗೆ ಉಳಿಯುವುದು ಬರೀ 15 ನಿಮಿಷ. ಹ್ಯಾಮರ್ ಮೋಡ್, ಗ್ರೈಂಡರ್ ಸದ್ದು ಆ ಆಸುಪಾಸಿನಲ್ಲೇ ಇರುತ್ತದೆ. ಮೆಡಿಕಲ್ ಅಂಗಡಿಯ ಇಯರ್ ಪ್ಲಗ್ಗೂ ಆದೀತು. ಕಾಂಕ್ರೀಟ್, ಗ್ರಾನೈಟ್ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಎದ್ದು ಬರುವುದಿಲ್ಲ, ವರ್ಷಗಟ್ಟಲೆ ಅದನ್ನು ಕುಡಿದವರಿಗೆ ಸಿಲಿಕೋಸಿಸ್ ಬರುತ್ತದೆ. ಟವೆಲ್ ಕಟ್ಟಿಕೊಂಡರೆ ಆ ಸಣ್ಣ ಕಣ ತಡೆಯುವುದಿಲ್ಲ, ಎನ್95 ಮಾಸ್ಕ್ ಬೇಕು. ಗ್ರಾನೈಟ್ ಕತ್ತರಿಸುವಾಗ, ನೀರು ಬಿಡಲೆಂದೇ ಮಾಡಿದ ಕಟರ್ ಆದರೆ, ನೀರು ಬಿಟ್ಟುಕೊಂಡೇ ಕತ್ತರಿಸಿ.

ಮೆಷಿನ್ ನೋಡಿಕೊಳ್ಳುವುದು

ಆಯುಧಪೂಜೆಯ ದಿನ ಇಡೀ ಮೈಸೂರು ಮೆಷಿನ್ ತೊಳೆದು ಪೂಜೆ ಮಾಡುತ್ತದೆ. ಮಾಡಿ, ಆದರೆ ನೀರು ಹಾಕಿ ತೊಳೆಯಬೇಡಿ, ಅರಿಶಿನ ಕುಂಕುಮವನ್ನು ಗಾಳಿ ಹೋಗುವ ಸೀಳುಗಳ ಮೇಲೆ ಬಳಿಯಬೇಡಿ. ಬಾಡಿ ಮೇಲೆ ಒಂದು ಬೊಟ್ಟು ಸಾಕು. ವರ್ಷಕ್ಕೊಮ್ಮೆ ಮೆಷಿನ್ ಬಿಚ್ಚಿ ನೋಡಲು ಆ ದಿನದಷ್ಟು ಒಳ್ಳೆಯದು ಇನ್ನೊಂದಿಲ್ಲ.

ಮೊದಲು ನೋಡಬೇಕಾದ್ದು ಕಾರ್ಬನ್. ಪ್ಲಗ್ ಕಿತ್ತು, ಮೆಷಿನ್ ಹಿಂಭಾಗದ ಎರಡೂ ಪಕ್ಕದಲ್ಲಿರುವ ಕಪ್ಪು ಮುಚ್ಚಳ ಬಿಚ್ಚಿದರೆ ಸ್ಪ್ರಿಂಗ್ ಜೊತೆ ಒಂದು ಚೌಕ ಕರಿಯ ತುಂಡು ಆಚೆ ಬರುತ್ತದೆ. ಕೆಲವು ಮೆಷಿನ್‌ಗಳಲ್ಲಿ ಹಿಂದಿನ ಕವಚವನ್ನೇ ಬಿಚ್ಚಬೇಕು. ತಿರುಗುವ ಆರ್ಮೇಚರ್‌ಗೆ ಕರೆಂಟ್ ದಾಟಿಸುವುದು ಈ ತುಂಡೇ, ಉಜ್ಜಿ ಉಜ್ಜಿ ಸವೆಯುತ್ತದೆ. ಆರ್ಮೇಚರ್‌ಗೆ ತಾಗುವ ಮುಖ ನಯವಾಗಿ, ಹೊಳೆಯುತ್ತಾ, ಸ್ವಲ್ಪ ಒಳಗೆ ಬಾಗಿದ್ದರೆ ಆರೋಗ್ಯ ಚೆನ್ನಾಗಿದೆ. ಅಂಚು ಮುರಿದು, ಸುಟ್ಟ ಕಲೆ ಇದ್ದರೆ, ಉದ್ದ 5-6 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ. ಒಂದೇ ಸವೆದಿದ್ದರೂ ಜೋಡಿಯಾಗಿಯೇ ಬದಲಿಸಬೇಕು. ಕಾರ್ಬನ್ ಬೆಲೆ ತೀರ ಕಡಿಮೆ, ಅದನ್ನು ಬದಲಿಸದೆ ಓಡಿಸಿದರೆ ಸ್ಪ್ರಿಂಗ್ ಹೋಗಿ ಆರ್ಮೇಚರ್‌ನ ತಾಮ್ರವನ್ನೇ ಗೀರುತ್ತದೆ. ಹೊಸದು ಹಾಕಿದಾಗ ಮೊದಲ ಕೆಲವು ನಿಮಿಷ ಸೀಳುಗಳಲ್ಲಿ ಸಣ್ಣ ಕಿಡಿ ಕಾಣುವುದು ಸಹಜ, ಖಾಲಿ ಓಡಿಸಿದರೆ ಕೂರುತ್ತದೆ. ಆರ್ಮೇಚರ್ ಸುತ್ತ ಬೆಂಕಿಯ ಉಂಗುರವೇ ಕಂಡರೆ ನಿಲ್ಲಿಸಿ, ರಿಪೇರಿಯವರ ಹತ್ತಿರ ಒಯ್ಯಿರಿ.

ಗಾಳಿಯ ಸೀಳುಗಳನ್ನು ಬ್ಲೋವರ್ ಅಥವಾ ಪಂಪಿನಿಂದ ಊದಿ. ಮೂಲೆಯಲ್ಲಿ ತಿಂಗಳುಗಟ್ಟಲೆ ಬಿದ್ದ ಮೆಷಿನ್‌ನ ಸೀಳುಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದುಂಟು, ಅದನ್ನು ನೋಡದೆ ಆನ್ ಮಾಡಿದರೆ ಫ್ಯಾನ್ ಮುರಿಯುತ್ತದೆ. ಮೆಷಿನ್‌ನಿಂದ ವೈರ್ ಹೊರಬರುವ ರಬ್ಬರ್ ಕತ್ತನ್ನು ಬಗ್ಗಿಸಿ ನೋಡಿ, ಬಿರುಕು ಅಲ್ಲೇ ಮೊದಲು ಬರುವುದು, ಟೇಪ್ ಸುತ್ತಿ ಸಮಾಧಾನ ಮಾಡಿಕೊಳ್ಳದೆ ಆ ಭಾಗ ಕತ್ತರಿಸಿ ಹೊಸದಾಗಿ ಜೋಡಿಸಿಸಿ. ಎಸ್‌ಡಿಎಸ್ ಬಿಟ್‌ನ ಹಿಂತುದಿಗೆ ಕಡಲೆಕಾಳಿನಷ್ಟು ಗ್ರೀಸ್ ಹಚ್ಚಿ, ಧೂಳು ಒರೆಸಿದ ಮೇಲೆ. ಮಾಮೂಲಿ ಚಕ್‌ಗೆ ಗ್ರೀಸ್, ತೆಂಗಿನೆಣ್ಣೆ ಎರಡೂ ಬೇಡ, ಧೂಳು ಹಿಡಿದು ಹಲ್ಲು ಜಾರುತ್ತದೆ.

ಬ್ಯಾಟರಿ ಡ್ರಿಲ್ ಇದ್ದರೆ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನಲ್ಲಿ ಬ್ಯಾಟರಿ ಬಿಡಬೇಡಿ. ಕೆಲಸ ಮುಗಿದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕದೆ ಆರಲು ಬಿಡಿ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿಡಿ. ಉಬ್ಬಿದ ಬ್ಯಾಟರಿಯನ್ನು ಮನೆ ಕಸಕ್ಕೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಬಾಡಿಗೆಗೆ ತರುವವರು ಅಂಗಡಿಯಲ್ಲೇ ಪ್ಲಗ್ ಹಾಕಿಸಿ ಒಂದು ನಿಮಿಷ ಖಾಲಿ ಓಡಿಸಿ ನೋಡಿ. ಸೀಳುಗಳಲ್ಲಿ ಕಿಡಿ ಎಷ್ಟಿದೆ, ಟ್ರಿಗರ್ ಬಿಟ್ಟ ತಕ್ಷಣ ನಿಲ್ಲುತ್ತದಾ, ಬಿಟ್ ಅಲುಗಾಡುತ್ತದಾ, ವೈರ್‌ಗೆ ಎಷ್ಟು ಕಡೆ ಟೇಪ್ ಸುತ್ತಿದೆ. ಪಕ್ಕದ ಹಿಡಿ ಕೇಳಿ. "ಅದು ಯಾರಿಗೂ ಬೇಕಾಗಲ್ಲ ಸಾರ್, ಎಲ್ಲೋ ಇದೆ" ಅಂದರೆ, ಹುಡುಕಿ ಕೊಡುವವರೆಗೆ ಅಲ್ಲೇ ನಿಂತಿರಿ. ಗ್ರೈಂಡರ್ ಆದರೆ ಗಾರ್ಡ್ ಸಮೇತ ಕೊಡಿ ಅನ್ನಿ, ವೀಲ್ ಮಾತ್ರ ಹೊಸದನ್ನು ನೀವೇ ಕೊಂಡುಕೊಳ್ಳಿ. ವಾಪಸ್ ಕೊಡುವಾಗ ಚಕ್‌ನಲ್ಲಿ ನಿಮ್ಮ ಬಿಟ್ ಉಳಿದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.